ತಿಪ್ಪೆಯ ಮೇಲೆ ವಾಕಿಂಗು

"ಮೂರು ತಿಂಗಳು ಮಗಳ ಮನೇಲಿದ್ದೆಯಲ್ಲ, ಏನೇನು ನೋಡಿದೆ ಹೇಳೇ" ಅಂತ ಪಕ್ಕದ ಮನೆ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು.

"ಒಂದು ತಿಪ್ಪೆ ನೋಡ್ದೆ ಅಕ್ಕ. ದಿನಾ ಬೆಳಿಗ್ಗೆ ಅದರ ಮೇಲೇ ವಾಕಿಂಗು" ಅಂದೆ.

ಅಕ್ಕನಿಗೆ ಎಪ್ಪತ್ತೆರಡು ವರ್ಷ. ಹುಟ್ಟಿದ್ದು, ಕೊಟ್ಟಿದ್ದು ಎರಡೂ ನಂಜನಗೂಡು ಸೀಮೆಯ ಹಳ್ಳಿಗಳಲ್ಲೇ. ಮೈಸೂರಿಗೆ ಬಂದು ನಲವತ್ತು ವರ್ಷವಾದರೂ ತಿಪ್ಪೆ ಅಂದಕೂಡಲೇ ಅವರ ಮುಖದಲ್ಲಿ ಹೇಸಿಗೆ ಕಾಣುವುದಿಲ್ಲ, ಮನೆಯವರ ವಿಚಾರ ಬಂದ ಹಾಗೆ ಕಿವಿ ನಿಮಿರುತ್ತದೆ. ಹಸಿ ಕಸದ ಬಕೆಟ್ಟು, ಒಣ ಕಸದ ಚೀಲ ಎರಡನ್ನೂ ಗೇಟಿನ ಹತ್ತಿರ ಇಟ್ಟುಕೊಂಡು ಅವರು ಗಾಡಿಗೆ ಕಾಯುತ್ತಿದ್ದರು. ನಾನೂ ನನ್ನದನ್ನು ತಂದಿಟ್ಟಿದ್ದೆ. ಗಾಡಿ ಬರುವ ತನಕ ದಾಸವಾಳದ ಗಿಡದ ಅಕ್ಕಪಕ್ಕ ನಿಂತು ಮಾತಾಡುವುದು ನಮ್ಮಿಬ್ಬರ ಹಳೆಯ ರೂಢಿ.

"ಅಮೆರಿಕದಲ್ಲೂ ತಿಪ್ಪೆ ಇದೆಯೇನೇ?"

ಇದೆ. ಮಗಳ ಮನೆ ಇರುವುದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನಲ್ಲಿ. ಆ ಊರಿನ ಉತ್ತರದ ಅಂಚಿಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರು ಬಂದು ನಿಲ್ಲುತ್ತದೆ. ಅಲ್ಲಿ ಶೋರ್‌ಲೈನ್ ಅಂತ ಒಂದು ಪಾರ್ಕು, ಸುಮಾರು 750 ಎಕರೆ. ನಮ್ಮ ಲಾಲ್‌ಬಾಗ್ ಮೂರು ಸಲ ಹಿಡಿಸುತ್ತದೆ. ಅದರಲ್ಲಿ ಜೌಗು ನೆಲವಿದೆ, ಕೊಲ್ಲಿಯಿಂದ ಉಪ್ಪು ನೀರು ಬಿಟ್ಟುಕೊಂಡ 50 ಎಕರೆಯ ಕೆರೆಯಿದೆ, ಗಾಳಿಪಟ ಬಿಡುವುದಕ್ಕೇ ಬಯಲಿದೆ. ಇವುಗಳ ನಡುವೆ ಉದ್ದಕ್ಕೂ ಹುಲ್ಲು ಹೊದ್ದ ದಿಣ್ಣೆಗಳು. ನಾನು ಹೋದದ್ದು ನವೆಂಬರಿನಲ್ಲಿ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಹೋದಾಗ ಒಣಗಿದ ರಾಗಿ ಹುಲ್ಲಿನ ಬಣ್ಣಕ್ಕಿದ್ದ ದಿಣ್ಣೆಗಳು ಡಿಸೆಂಬರ್ ಕೊನೆಗೆ ಎಳೆ ಭತ್ತದ ಪೈರಿನ ಹಾಗೆ ಹಸಿರೇರಿದವು. ನೋಡುವುದಕ್ಕೆ ಎಷ್ಟು ಚೆಂದ ಅಂದರೆ, ಮೊದಲ ವಾರವೆಲ್ಲ ನಾನು ಅವನ್ನು ದೇವರು ಮಾಡಿದ ಗುಡ್ಡ ಅಂತಲೇ ನಂಬಿದ್ದೆ.

ಅಳಿಯ ಒಂದು ಭಾನುವಾರ ಜೊತೆಗೆ ಬಂದವನು ಹೇಳಿದ: "ಅತ್ತೆ, ನೀವು ನಿಂತಿರೋ ಜಾಗದ ಕೆಳಗೆ ಪೂರ್ತಿ ಕಸ."

ನನಗೆ ಕಾಲು ಎತ್ತಿ ಇಡುವುದಕ್ಕೂ ಒಂಥರಾ ಆಯಿತು. ಮೂಗಿಗೆ ಸಣ್ಣ ವಾಸನೆ ಬೇರೆ ಬಂತು. ಅದು ಕಸದ್ದಲ್ಲ, ಕೊಲ್ಲಿಯ ನೀರು ಇಳಿದಾಗ ಕೆಸರಿನಿಂದ ಬರುವ ವಾಸನೆ ಅಂತ ತಿಳಿಯುವುದಕ್ಕೆ ಇನ್ನೂ ನಾಲ್ಕು ದಿನ ಬೇಕಾಯಿತು.

"ಯಾರ ಮನೆ ಕಸ ಅದು?" ಅಂತ ಅಕ್ಕ ಕೇಳಿದರು. ಸರಿಯಾದ ಪ್ರಶ್ನೆ. ನಾನೂ ಅದನ್ನೇ ಕೇಳಿದ್ದೆ.

ಹೆಚ್ಚಿನದು ಸ್ಯಾನ್ ಫ್ರಾನ್ಸಿಸ್ಕೋ ಊರಿನದು. ಅಲ್ಲಿಗೂ ಮೌಂಟನ್ ವ್ಯೂಗೂ ಸುಮಾರು 60 ಕಿಲೋಮೀಟರು, ಮೈಸೂರಿಂದ ಮದ್ದೂರಿಗೆ ಹೋದಷ್ಟು. ಅರವತ್ತರ ದಶಕದಲ್ಲಿ ಮೌಂಟನ್ ವ್ಯೂ ಊರಿನ ಈ ಅಂಚು ಯಾರಿಗೂ ಬೇಡವಾದ ತಗ್ಗು. ಹಂದಿ ಸಾಕುವವರು, ಗುಜರಿ ರಾಶಿ ಹಾಕುವವರು, ನೀರು ನುಗ್ಗಿದರೆ ನಿಲ್ಲುವ ಕೆಸರು. ಆ ಊರಿರುವ ಕಣಿವೆಯ ನೆಲವೇ ಕುಸಿಯುತ್ತ ಬಂದಿತ್ತು. ಒಂದು ಕಾಲಕ್ಕೆ ಅದೆಲ್ಲ ಹಣ್ಣಿನ ತೋಟಗಳ ಸೀಮೆ. ತೋಟಕ್ಕೂ ಪೇಟೆಗೂ ಅಂತ ನೆಲದೊಳಗಿನ ನೀರನ್ನು ಎತ್ತಿ ಎತ್ತಿ, ಪಕ್ಕದ ಸ್ಯಾನ್ ಹೊಸೆ ಊರಿನ ಪೇಟೆ ಭಾಗ 1970ರ ಹೊತ್ತಿಗೆ 13 ಅಡಿಯಷ್ಟು ಕೆಳಗಿಳಿದಿತ್ತು.

"ಬೋರ್‌ವೆಲ್ಲು!" ಅಂದರು ಅಕ್ಕ. ಅವರ ಮೈದುನರ ತೋಟದಲ್ಲಿ ಒಂದರ ಪಕ್ಕ ಇನ್ನೊಂದು ಅಂತ ಬತ್ತಿಹೋದ ಬೋರುಗಳನ್ನು ಅವರು ಎಣಿಸಿ ಹೇಳಬಲ್ಲರು.

ಆಗ ಆ ಊರಿನವರು ಒಂದು ಲೆಕ್ಕ ಹಾಕಿದರು. ತಗ್ಗು ಎತ್ತರವಾಗಬೇಕು, ಊರಿಗೊಂದು ಪಾರ್ಕು ಬೇಕು, ಕೈಯಲ್ಲಿ ಹಣವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ಕಸ ಹಾಕುವುದಕ್ಕೆ ಜಾಗವಿಲ್ಲ. ಸರಿ, ನಿಮ್ಮ ಕಸ ತಂದು ಹಾಕಿ, ಹಾಕಿದ್ದಕ್ಕೆ ದುಡ್ಡು ಕೊಡಿ, ಆ ದುಡ್ಡಿನಲ್ಲಿ ನಾವು ಪಾರ್ಕು ಮಾಡ್ತೀವಿ ಅಂದರು. 1970ರಲ್ಲಿ ಲಾರಿಗಳು ಬರಲು ಶುರುವಾಗಿ 1983ರ ತನಕ ಬಂದವು. ಆ 1983ರಲ್ಲೇ ಪಾರ್ಕಿನ ಬಾಗಿಲು ತೆರೆಯಿತು. ಕಸದ ಮೇಲೆ ಜೇಡಿಮಣ್ಣಿನ ಗಟ್ಟಿ ಪದರ, ಅದರ ಮೇಲೆ ಮಣ್ಣು, ಅದರ ಮೇಲೆ ಹುಲ್ಲು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿಪ್ಪೆ ಸಾರಿಸಿದ್ರು ಅನ್ನು" ಅಂದರು.

ನಮ್ಮ ಮಾತಿನಲ್ಲಿ ತಿಪ್ಪೆ ಸಾರಿಸುವುದು ಅಂದರೆ ಗೊತ್ತಲ್ಲ. ಒಳಗಿನ ಹುಳುಕು ಕಾಣದ ಹಾಗೆ ಮೇಲೆ ಸಗಣಿ ಬಳಿದು ಚೊಕ್ಕಟ ಮಾಡಿಬಿಡುವುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಒಂದು ಬೆಳಿಗ್ಗೆ ಅಲ್ಲಿ ಒಬ್ಬ ಮನುಷ್ಯನನ್ನು ನೋಡಿದೆ. ಅಕ್ಕನಿಗೆ ಅದನ್ನೇ ಹೇಳಬೇಕೆಂದು ಅಲ್ಲಿಂದ ಹೊತ್ತು ತಂದಿದ್ದೆ.

ಮಂಜು ಇನ್ನೂ ಬಿಟ್ಟಿರಲಿಲ್ಲ. ದಿಣ್ಣೆಯ ಇಳಿಜಾರಿನಲ್ಲಿ, ಹುಲ್ಲಿನ ನಡುವೆ ಒಬ್ಬ ಮೊಣಕಾಲೂರಿ ಕೂತಿದ್ದ. ಮೈಗೆ ಕಿತ್ತಳೆ ಬಣ್ಣದ ಮೇಲಂಗಿ. ಮುಂದೆ ನೆಲದಿಂದ ಮೊಳದುದ್ದ ಎದ್ದ ಒಂದು ಕೊಳವೆ, ಅದಕ್ಕೊಂದು ತಿರುಗಣೆ. ಕೊರಳಿಗೆ ನೇತುಹಾಕಿಕೊಂಡಿದ್ದ ಒಂದು ಸಾಧನದ ಸಣ್ಣ ರಬ್ಬರ್ ನಳಿಗೆಯನ್ನು ಆ ಕೊಳವೆಗೆ ಸಿಕ್ಕಿಸಿ, ಪರದೆ ನೋಡುತ್ತ ತಟಸ್ಥನಾಗಿ ಕೂತಿದ್ದ. ಡಾಕ್ಟರು ಎದೆಬಡಿತ ಕೇಳುವಾಗ ಕೂರುತ್ತಾರಲ್ಲ, ಹಾಗೆ. ಏನೋ ಬರೆದುಕೊಂಡ. ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದ, ಮತ್ತೆ ನೋಡಿದ, ಎದ್ದು ಮುಂದಿನ ಕೊಳವೆಗೆ ನಡೆದ. ಆವತ್ತಿನಿಂದ ಹುಡುಕಿದರೆ ದಿಣ್ಣೆಯ ತುಂಬ ಅಂಥ ಕೊಳವೆಗಳು, ಮುಚ್ಚಳಗಳು. ಅಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

"ಏನು ನೋಡ್ತಾನೆ ಅವನು?"

"ಗ್ಯಾಸು ಅಕ್ಕ. ನಿಮ್ಮ ಮನೇಲಿ ಗೋಬರ್ ಗ್ಯಾಸ್ ಇತ್ತಲ್ಲ, ಅದೇ."

ಇನ್ನು ನಾನು ವಿವರಿಸಬೇಕಾಗಲಿಲ್ಲ. ಅಕ್ಕನೇ ಹೇಳತೊಡಗಿದರು. ಅವರು ಮದುವೆಯಾಗಿ ಹೋದ ಮನೆಯ ಹಿತ್ತಲಲ್ಲಿ ಗುಂಡಿ, ಗುಂಡಿಯ ಬಾಯಿಗೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ದಿನಾ ಸಗಣಿಯನ್ನು ನೀರಿನಲ್ಲಿ ಗಂಜಿಯ ಹಾಗೆ ಕಲಸಿ ಹುಯ್ಯಬೇಕು. ರಾತ್ರಿಯೆಲ್ಲ ಒಳಗೆ ಗ್ಯಾಸು ತುಂಬಿ ಬೆಳಗಾಗುವುದರೊಳಗೆ ಡ್ರಮ್ಮು ಮೇಲಕ್ಕೆದ್ದು ನಿಂತಿರುತ್ತಿತ್ತು. ಅಡುಗೆ ಮುಗಿಯುವ ಹೊತ್ತಿಗೆ ಮತ್ತೆ ಕೆಳಗೆ ಕೂತಿರುತ್ತಿತ್ತು. "ಡ್ರಮ್ಮು ಎಷ್ಟು ಎದ್ದಿದೆ ನೋಡಿಕೊಂಡೇ ಅತ್ತೆ ಎಷ್ಟು ಅಕ್ಕಿ ತೊಳೀಬೇಕು ಅಂತ ಹೇಳೋರು" ಅಂದರು. ಚಳಿಗಾಲದಲ್ಲಿ ಡ್ರಮ್ಮು ಸೋಮಾರಿ, ಬೇಸಿಗೆಯಲ್ಲಿ ಚುರುಕಂತೆ.

ಗಾಳಿ ಆಡದ ಕಡೆ ಕೊಳೆಯುವ ಎಲ್ಲದರದ್ದೂ ಅದೇ ಕಥೆ. ಆ ದಿಣ್ಣೆಯೊಳಗೂ ಅನ್ನ, ಕಾಗದ, ಮರದ ಚೂರು, ಬಟ್ಟೆ ಎಲ್ಲ ಉಸಿರು ಕಟ್ಟಿಕೊಂಡು ನಿಧಾನವಾಗಿ ಕೊಳೆಯುತ್ತಿವೆ. ಹೊರಡುವ ಗಾಳಿಯಲ್ಲಿ ಹೆಚ್ಚುಕಮ್ಮಿ ಅರ್ಧ ಮೀಥೇನು. ಡ್ರಮ್ಮು ಇಲ್ಲದ ಗೋಬರ್ ಗ್ಯಾಸು ಅದು. ದಾರಿ ಮಾಡಿಕೊಡದಿದ್ದರೆ ತಾನೇ ದಾರಿ ಹುಡುಕುತ್ತದೆ.

ಅದು ಹುಡುಕಿದ್ದೂ ಉಂಟು. ಪಾರ್ಕಿನ ಪಕ್ಕದಲ್ಲೇ, ಅದೇ ಕಸದ ಮೇಲೆ, 1986ರಲ್ಲಿ ಶೋರ್‌ಲೈನ್ ಆಂಫಿಥಿಯೇಟರ್ ಅಂತ ಒಂದು ದೊಡ್ಡ ಬಯಲು ಸಂಗೀತ ಮಂದಿರ ಕಟ್ಟಿದರು. ಕಟ್ಟಿಸಿದವರು ಬಿಲ್ ಗ್ರಹಾಂ ಅಂತ ಹೆಸರುವಾಸಿ ಸಂಗೀತ ಸಂಘಟಕರು. ಮುಂದೆ ಕುರ್ಚಿ, ಹಿಂದೆ ಇಳಿಜಾರು ಹುಲ್ಲು. ಜನ ಹುಲ್ಲಿನ ಮೇಲೆ ಜಮಖಾನ ಹಾಸಿಕೊಂಡು ಕೂರುವುದು. ಮೊದಲ ವರ್ಷದ ಕಚೇರಿಗಳಲ್ಲೇ, ಕೂತವರು ಲೈಟರು ಹಚ್ಚಿದರೆ ಹುಲ್ಲಿನಿಂದ ಭಗ್ಗನೆ ಜ್ವಾಲೆ ಎದ್ದಿತು. ಒಂದು ಸಲವಲ್ಲ, ಹಲವು ಸಲ. ಕಡೆಗೆ ಆ ಹುಲ್ಲನ್ನೆಲ್ಲ ಕಿತ್ತು, ಕೆಳಗೆ ಗ್ಯಾಸು ತೂರದ ಹಾಸು ಹಾಕಿ, ಅದನ್ನು ಎಳೆದುಕೊಳ್ಳುವ ಕೊಳವೆಗಳನ್ನು ಕೂರಿಸಿ, ಮತ್ತೆ ಹುಲ್ಲು ಬೆಳೆಸಬೇಕಾಯಿತು.

"ಶಿವ ಶಿವಾ" ಅಂದರು ಅಕ್ಕ. "ಅದರ ಮೇಲೆ ನೀನು ವಾಕಿಂಗ್ ಹೋಗ್ತಿದ್ಯಾ?"

ಹೋಗುತ್ತಿದ್ದೆ. ಆ ಕಿತ್ತಳೆ ಅಂಗಿಯವನನ್ನು ಕಂಡ ಮೇಲೆ ಇನ್ನೂ ಧೈರ್ಯವಾಗಿ ಹೋಗುತ್ತಿದ್ದೆ. ಕಸ ಬರುವುದು ನಿಂತು ನಲವತ್ತು ವರ್ಷ ದಾಟಿದೆ. ಲಾರಿ ಓಡಿಸಿದವರು, ಒಪ್ಪಂದ ಮಾಡಿಕೊಂಡವರು ಎಷ್ಟೋ ಮಂದಿ ಈಗ ಇಲ್ಲ. ಆದರೂ ಇವತ್ತಿಗೂ ಒಬ್ಬ ಬಂದು ಮೊಣಕಾಲೂರಿ ಅದರ ಉಸಿರು ಅಳೆಯುತ್ತಾನೆ. ಎಳೆದ ಗ್ಯಾಸನ್ನು ಸುಡುತ್ತಾರೆ, ಅದರಲ್ಲಿ ಒಂದಿಷ್ಟು ಕರೆಂಟೂ ಮಾಡಿಕೊಂಡಿದ್ದಾರೆ. ಒಳಗಿನ ಕಸ ಕರಗಿದಂತೆ ನೆಲ ಅಲ್ಲೊಂದು ಇಲ್ಲೊಂದು ಕಡೆ ಇಳಿಯುತ್ತದೆ. ನಾನು ನಡೆಯುತ್ತಿದ್ದ ದಾರಿಯೇ ಒಂದು ಕಡೆ ಹಳೇ ಹಾಸಿಗೆಯ ಹಾಗೆ ತಗ್ಗುದಿಣ್ಣೆಯಾಗಿತ್ತು. ಬಿರುಕು ಬಿಟ್ಟರೆ ಮಳೆ ನೀರು ಒಳಕ್ಕಿಳಿದು ಕಸದ ರಸ ಹೊರಡುತ್ತದೆಂದು ಮಣ್ಣು ತುಂಬಿ ಮುಚ್ಚುತ್ತಾರೆ. ಆ ದೇಶದಲ್ಲಿ ಈಗ ಕಸದ ಗುಂಡಿ ಮುಚ್ಚಿದ ಮೇಲೂ ಸಾಮಾನ್ಯವಾಗಿ 30 ವರ್ಷ ಅದನ್ನು ನೋಡಿಕೊಳ್ಳಬೇಕೆಂದು ಕಾನೂನೇ ಇದೆ. ತಿಪ್ಪೆ ಸಾರಿಸುವವನು ಸಾರಿಸಿ ಕೈ ತೊಳೆದುಕೊಂಡು ಹೋಗುತ್ತಾನೆ. ಇವರು ಹೋಗಲಿಲ್ಲ. ಇಷ್ಟು ವರ್ಷ ಅದರ ಪಕ್ಕ ಕೂತಿದ್ದಾರಲ್ಲ ಅನ್ನುವುದೇ ನನ್ನ ಮನಸ್ಸಿಗೆ ಹಿಡಿಸಿದ್ದು.

"ನಲವತ್ತು ವರ್ಷ ಅಂತೀಯ, ಇನ್ನೂ ಗೊಬ್ಬರ ಆಗ್ಲಿಲ್ವಾ ಅದು?" ಅಕ್ಕನಿಗೆ ಇದು ನಂಬುವ ಮಾತೇ ಅಲ್ಲ. ಅವರ ತಿಪ್ಪೆಯ ಲೆಕ್ಕ ಬೇರೆ. ಸಗಣಿ, ಗಂಜಲ ನೆನೆದ ಹುಲ್ಲು, ಒಲೆಯ ಬೂದಿ, ಕಸಪೊರಕೆಗೆ ಬಂದ ಎಲೆ, ಎಲ್ಲ ದಿನಾ ಹೋಗಿ ಬೀಳಬೇಕು. ವರ್ಷ ತುಂಬುವುದರೊಳಗೆ ಬುಡದಲ್ಲಿ ಕಾಫಿಪುಡಿಯಂಥ ಗೊಬ್ಬರ. ಯುಗಾದಿಗೆ ಮುಂಚೆ ಗಾಡಿ ಕಟ್ಟಿ ಹೊಲಕ್ಕೆ ಸಾಗಿಸಿದರೆ ಮೊದಲ ಮಳೆಗೆ ಉಳುಮೆ. "ತಿಪ್ಪೆ ನೋಡಿ ಹೆಣ್ಣು ಕೊಡೋರು ಕಣೇ. ತಿಪ್ಪೆ ದೊಡ್ಡದಿದ್ರೆ ದನ ಚೆನ್ನಾಗಿವೆ, ಭೂಮಿ ಚೆನ್ನಾಗಿದೆ ಅಂತ."

ಅಲ್ಲಿ ಗೊಬ್ಬರವಾಗದ್ದಕ್ಕೆ ಕಾರಣ ಆ ಜೇಡಿಮಣ್ಣಿನ ಮುಚ್ಚಳವೇ. ಗಾಳಿಯಿಲ್ಲ, ಒದ್ದೆಯಿಲ್ಲ, ತಿರುವಿ ಹಾಕುವವರಿಲ್ಲ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರಾತ್ಜೆ ಅಂತ ಒಬ್ಬರು ಪ್ರಾಚ್ಯವಸ್ತು ಶಾಸ್ತ್ರಜ್ಞರಿದ್ದರು. ಹಳೆಯ ನಗರಗಳನ್ನು ಅಗೆಯುವ ವಿದ್ಯೆಯನ್ನು 1973ರಿಂದ ಕಸಕ್ಕೆ ಬಳಸಿದರು. ಅಮೆರಿಕದ ಕಸದ ಗುಡ್ಡಗಳನ್ನು ಬಾವಿಯ ಹಾಗೆ ಕೊರೆದು ನೋಡಿದರೆ, ದಶಕಗಳ ಹಿಂದಿನ ದಿನಪತ್ರಿಕೆಗಳು ತಾರೀಖು ಸಮೇತ ಓದುವಂತಿದ್ದವಂತೆ. ಎಷ್ಟೋ ವರ್ಷದ ಹಿಂದೆ ಎಸೆದ ಊಟ ಗುರುತು ಸಿಗುವಂತಿತ್ತಂತೆ. ಹಾಗೆ ಉಳಿದುಬಿಟ್ಟದ್ದರ ಮೇಲೆ ಪ್ಲಾಸ್ಟಿಕ್ಕು ಬೇರೆ.

"ಹಾಗಾದ್ರೆ ಅದು ತಿಪ್ಪೆಯಲ್ಲ. ಉಗ್ರಾಣ" ಅಂದರು ಅಕ್ಕ. ಆ ಮಾತು ಅಳಿಯನಿಗೆ ಹೇಳಬೇಕು.

ದೊಡ್ಡ ಮರ ಆ ದಿಣ್ಣೆಗಳ ಮೇಲೆ ಕಾಣುವುದಿಲ್ಲ. ಬೇರು ಆಳಕ್ಕಿಳಿದು ಜೇಡಿಮಣ್ಣನ್ನು ಸೀಳಬಾರದು ಅಂತ ಒಂದು ಕಾರಣ. ಬೇರಿಗೆ ಸಿಗಬೇಕಾದ ಗಾಳಿಯ ಜಾಗವನ್ನು ಆ ಗ್ಯಾಸೇ ಆಕ್ರಮಿಸಿದರೆ ಗಿಡ ತಾನಾಗಿಯೇ ಸಾಯುತ್ತದೆ ಅನ್ನುವುದು ಇನ್ನೊಂದು. ನೆರಳಿಲ್ಲದ ಪಾರ್ಕು ಅಂತ ಬೇಸಿಗೆಯಲ್ಲಿ ಬಂದವರು ಗೊಣಗುತ್ತಾರೆ. ಚಳಿಗಾಲದಲ್ಲಿ ನನಗೆ ಆ ಬಿಸಿಲೇ ಬೇಕಿತ್ತು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಕ್ಕಳ ಹಳೆ ಶೂಸು ಹಾಕಿಕೊಂಡ ನಮ್ಮಂಥ ಅಪ್ಪ ಅಮ್ಮಂದಿರು ಹತ್ತು ಗಂಟೆಗೆ ಅಲ್ಲಿ ಸಾಲುಸಾಲಾಗಿ ಕಾಣುತ್ತಾರೆ. ಒಂದು ದಿನ ಬೆನ್ನ ಹಿಂದೆ "ನಿಧಾನ ಕಣ್ರೀ, ಜಾರುತ್ತೆ" ಅಂತ ಕೇಳಿಸಿ ನಾನು ನಿಂತುಬಿಟ್ಟೆ. ದಾವಣಗೆರೆಯವರು, ಇಬ್ಬರು. ಆಮೇಲೆ ಮೂವರೂ ಒಟ್ಟಿಗೇ ನಡೆಯುತ್ತಿದ್ದೆವು.

ಅವರೇ ನನಗೆ ಗೂಬೆ ತೋರಿಸಿದ್ದು.

"ಬೆಳಗಾಗೆದ್ದು ಗೂಬೆ ಮುಖ ನೋಡ್ತಿದ್ರಾ?" ಅಕ್ಕ ಗಾಬರಿಯಾದರು.

ಅದು ಬಿಲದ ಗೂಬೆ ಅಕ್ಕ, ನಮ್ಮ ಬುಡುಬುಡಿಕೆಯವನು ಹೆಸರು ಹೇಳಿಕೊಂಡು ಬರುತ್ತಾನಲ್ಲ, ಆ ಹಾಲಕ್ಕಿಯ ದಾಯಾದಿ. ಅದೇ ಕುಲ, ಅಷ್ಟೇ ಗಾತ್ರ, ಒಂದು ಗೇಣಿಗೆ ಸ್ವಲ್ಪ ಮೇಲೆ. ಕಾಲು ಮಾತ್ರ ಕೊಕ್ಕರೆ ಮರಿಯ ಹಾಗೆ ಉದ್ದ. ಮರ ಹತ್ತುವ ಪೈಕಿಯಲ್ಲ. ನೆಲದೊಳಗೆ, ಅಳಿಲು ತೋಡಿಬಿಟ್ಟ ಬಿಲದಲ್ಲಿ ಸಂಸಾರ. ಅಲ್ಲಿನ ಒಂದು ಜಾತಿಯ ಅಳಿಲು ನಮ್ಮ ಹೆಗ್ಗಣದ ಹಾಗೆ ನೆಲ ತೋಡುತ್ತದೆ. ಹಾಡುಹಗಲಲ್ಲಿ ಬಿಲದ ಬಾಯಲ್ಲಿ ನಿಂತು, ಹಳದಿ ಕಣ್ಣನ್ನು ಅರ್ಧ ಮುಚ್ಚಿ ಬಿಸಿಲು ಕಾಯಿಸುತ್ತಿತ್ತು. ಗಾಳಿಗೆ ಎದೆಯ ಪುಕ್ಕ ಎದ್ದು ಎದ್ದು ಕೂರುತ್ತಿತ್ತು. ನಾವು ಮೂವರು ದೂರ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ, ಅದು ತಲೆಯನ್ನು ಪೂರ್ತಿ ಓರೆ ಮಾಡಿ ನಮ್ಮನ್ನು ನೋಡಿತು. ಮೊಟ್ಟೆಯಿಡುವ ಕಾಲಕ್ಕೆ ಈ ಹಕ್ಕಿ ಬೇರೆ ಪ್ರಾಣಿಗಳ ಸಗಣಿ ಹಿಕ್ಕೆ ತಂದು ಬಾಗಿಲಿಗೆ ಹರಡುತ್ತದೆ. ಸಗಣಿ ಹುಳು ಅದಕ್ಕೆ ಬಂದರೆ ಹಿಡಿದು ತಿನ್ನುತ್ತದೆ.

"ಬಾಗಿಲಿಗೆ ಸಗಣಿ ಹಾಕೋ ಪೈಕಿ ಅನ್ನು. ನಮ್ಮವರೇ" ಅಂತ ಅಕ್ಕನ ಮುಖ ಸಡಿಲವಾಯಿತು.

ಈ ಗೂಬೆಗೆ ಅಲ್ಲೀಗ ಬೇರೆ ಜಾಗವೇ ಇಲ್ಲದಂತಾಗಿದೆ. ಮೊದಲು ಕಣಿವೆಯ ಹುಲ್ಲುಗಾವಲಲ್ಲೆಲ್ಲ ಇತ್ತು, ಈಗ ಅಲ್ಲೆಲ್ಲ ಕಟ್ಟಡ. ಪಾರ್ಕಿನ ಬೇಲಿಗೆ ಅಂಟಿಕೊಂಡೇ ಗೂಗಲ್ಲಿನ ಕಚೇರಿಗಳಿವೆ. ಮನೆ ಕಟ್ಟುವ ಹಾಗಿಲ್ಲದ ನೆಲ ಅಂದರೆ ಈ ಕಸದ ದಿಣ್ಣೆ. ಅದಕ್ಕೇ ಗೂಬೆ ಇಲ್ಲಿ ಉಳಿದುಕೊಂಡಿತು. ಆದರೆ ಅಳಿಲು ಬಿಲ ತೋಡಿದರೆ ಕಸದ ಮುಚ್ಚಳ ತೂತಾಗುತ್ತದೆ. ಅಳಿಲು ಬೇಡ ಅಂದರೆ ಗೂಬೆಗೆ ಮನೆಯಿಲ್ಲ. ಇಂಥದ್ದಕ್ಕೆ ಸುಲಭದ ಉತ್ತರ ಇಲ್ಲ. ಊರಿನವರು ಗೂಬೆ ನೋಡಿಕೊಳ್ಳುವುದಕ್ಕೇ ಒಬ್ಬ ಜೀವಶಾಸ್ತ್ರಜ್ಞರನ್ನು ಇಟ್ಟುಕೊಂಡಿದ್ದಾರೆ, ಕೈಯಾರೆ ಬಿಲಗಳನ್ನು ಮಾಡಿ ನೆಲದಲ್ಲಿ ಹೂತಿದ್ದಾರೆ, ಪಾರ್ಕಿನ ಒಳಗೆ ನಾಯಿ ಕರೆತರುವ ಹಾಗಿಲ್ಲ. ಆದರೂ ಗೂಬೆಗಳು ಕಡಿಮೆಯಾಗುತ್ತಲೇ ಇವೆ. ನಾನು ಮೂರು ತಿಂಗಳಲ್ಲಿ ಕಂಡದ್ದು ಒಂದೇ ಒಂದು.

ಬೇರೆ ಹಕ್ಕಿಗಳಿಗೇನು ಬರವಿಲ್ಲ. ಬಿಳಿ ಹೆಜ್ಜಾರ್ಲೆಗಳು, ಹುಲ್ಲು ಮೇಯುವ ಹೆಬ್ಬಾತುಗಳು. ನಮ್ಮ ಕೆರೆಗಳಿಗೂ ಚಳಿಗಾಲಕ್ಕೆ ಬರುವ ಸೌಟಿನಂಥ ಕೊಕ್ಕಿನ ಬಾತನ್ನು ಅಲ್ಲಿ ನೋಡಿದಾಗ ಊರಿನವರು ಸಿಕ್ಕಿದಷ್ಟು ಖುಷಿಯಾಯಿತು.

ಅಕ್ಕನಿಗೆ ಅವರ ತಮ್ಮ ನೆನಪಾದರು. ಮುಂಬಯಿಯ ಸಯಾನಿನಲ್ಲಿ ನಲವತ್ತು ವರ್ಷ ಇದ್ದವರು. ಅವರ ಮನೆಗೆ ಹೋದಾಗ ಧಾರಾವಿಯ ಪಕ್ಕ ಒಂದು ಕಾಡಿಗೆ ಕರೆದುಕೊಂಡು ಹೋಗಿದ್ದರಂತೆ, ಅದೂ ಮೊದಲು ಕಸ ಹಾಕುತ್ತಿದ್ದ ಜಾಗ ಅಂದಿದ್ದರಂತೆ. ಅದು ಮಹಾರಾಷ್ಟ್ರ ನೇಚರ್ ಪಾರ್ಕು, ಮಿಠಿ ನದಿಯ ದಡದಲ್ಲಿ 37 ಎಕರೆ. ಅಲ್ಲಿ 1983ರಲ್ಲಿ ಮೊದಲ ಗಿಡ ನೆಟ್ಟವರು ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿ; ಜನರಿಗೆ ತೆರೆದದ್ದು 1994ರಲ್ಲಿ. ಅಲ್ಲಿ ಗಿಡ ಬೆಳೆದು ಒಳಗೆ ಕತ್ತಲೆಯಾಗುವಷ್ಟು ಕಾಡೇ ಆಗಿದೆ. ಅಂದರೆ ನಮ್ಮ ಕೈಲೂ ಆಗುತ್ತದೆ.

ಆಗುತ್ತದೆ ಅಂದೆ, ಆದರೆ ಹೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಮಂಡೂರು. ಬೆಂಗಳೂರಿನ ಕಸ ಹೊತ್ತು ಬರುತ್ತಿದ್ದ ಲಾರಿಗಳನ್ನು 2014ರಲ್ಲಿ ಆ ಊರಿನ ಜನ ರಸ್ತೆಗಿಳಿದು ತಡೆದರು. ವಾಸನೆ, ನೊಣ, ಕುಡಿಯುವ ನೀರಿನ ಭಯ, ಎಲ್ಲ ವರ್ಷಗಟ್ಟಲೆ ಅನುಭವಿಸಿ ಆಮೇಲೆ ತಡೆದರು. ಮೌಂಟನ್ ವ್ಯೂ ಕೂಡ ಇನ್ನೊಂದು ಊರಿನ ಕಸವನ್ನೇ ಹೊತ್ತದ್ದು. ಆದರೆ ಇಷ್ಟು ಹಣ, ಕಡೆಗೆ ಊರಿಗೊಂದು ಪಾರ್ಕು ಅಂತ ಮಾತಾಡಿಕೊಂಡು ಹೊತ್ತಿತು. ದೊಡ್ಡ ಊರು ತನ್ನ ಕಸವನ್ನು ಚಿಕ್ಕ ಊರಿನ ಬಾಗಿಲಿಗೆ ಕಳಿಸುವಾಗ ಮೊದಲು ಆಗಬೇಕಾದ್ದು ಆ ಮಾತು. ಗಿಡ, ಬೆಂಚು, ನಾಮಫಲಕ ಎಲ್ಲ ಆಮೇಲಿನದು. ಇದನ್ನು ಅಕ್ಕನಿಗೆ ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಎದುರು ಮನೆಯವರು ಕಿಟಕಿಯಿಂದ ಇಣುಕಿದರು.

ಬೀದಿಯ ತುದಿಯಲ್ಲಿ ಸೀಟಿ ಕೇಳಿಸಿತು. ಗಾಡಿ ಬಂತು. ಅಕ್ಕ ಬಕೆಟ್ಟಿಗೆ ಕೈ ಹಾಕಿದವರು ಹಾಗೇ ನಿಂತರು.

"ಬಲಿಪಾಡ್ಯಮಿ ದಿನ ಸಂಜೆ ನಮ್ಮತ್ತೆ ತಿಪ್ಪೆಗೂ ಒಂದು ದೀಪ ಇಡೋರು ಕಣೇ. ಮನೆ ಬಾಗಿಲಿಗೆ, ಕೊಟ್ಟಿಗೆಗೆ, ಬಾವಿಗೆ, ಆಮೇಲೆ ತಿಪ್ಪೆಗೆ. ಅದರ ನೆತ್ತೀ ಮೇಲೆ ಒಂದು ಹಣತೆ, ಎರಡು ಚೆಂಡು ಹೂವು. ಮಕ್ಕಳು ಉಳೀದೇ ಇದ್ದ ಮನೇಲಿ ಕೂಸು ಹುಟ್ಟಿದ್ರೆ ತಿಪ್ಪೆ ಮೇಲೆ ಉರುಳಿಸಿ, ತಿಪ್ಪ ಅಂತ ಹೆಸರಿಡೋರು. ನಮ್ಮ ಸೋದರಮಾವನೇ ತಿಪ್ಪಯ್ಯ." ಸ್ವಲ್ಪ ತಡೆದು ಕೇಳಿದರು: "ಅಲ್ಲಿ ದೀಪ ಇಡೋ ಹಾಗಿಲ್ಲ, ಅಲ್ವಾ?"

"ಇಲ್ಲ ಅಕ್ಕ. ಹತ್ತಿಕೊಳ್ಳುತ್ತೆ."

"ಹೂಂ" ಅಂದರು. ಹಸಿ ಕಸದ ಬಕೆಟ್ಟಿನ ಮೇಲೆ ಯಾರೋ ಹಾಕಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಒಣ ಕಸದ ಚೀಲಕ್ಕೆ ಹಾಕಿ, ಗೇಟು ತೆಗೆದುಕೊಂಡು ಹೋದರು.